ಮಗುವಿನ ಸಿಟ್ಟು ಅಜ್ಜಂದಾ, ಮನೆಯದ್ದಾ? ಮೊದ್ಲು ಒಂದು ಕಾಫಿ ಗಿಡ ಹಿಡ್ಕೊಳ್ಳಿ

ನಮ್ಮ ಕೊಡಗಲ್ಲಿ ಮದುವೆ ಮನೇಲಿ ಮಗು ರಂಪ ಮಾಡಿದ್ರೆ "ಇದು ಅವರಜ್ಜನ ರಕ್ತ" ಅಂತ ಒಬ್ರು, "ಸಾಕಿದ್ದು ಸರಿ ಇಲ್ಲ" ಅಂತ ಇನ್ನೊಬ್ರು. ಜಗಳಕ್ಕೆ ಇಳಿಯೋ ಮೊದ್ಲು ಇದನ್ನ ಮಾಡಿ ನೋಡಿ, ತೋಟ ಇರೋರಿಗೆ ಖರ್ಚೇ ಇಲ್ಲ.

ಒಂದು ರೊಬಸ್ಟಾ ಕಾಫಿ ಗಿಡ ಆರಿಸ್ಕೊಳ್ಳಿ, ಸಿದ್ದಾಪುರದ ಕಡೆಯವ್ರಿಗೆ ಅದಕ್ಕೇನೂ ಬರ ಇಲ್ಲ. ಬೀಜ ಬೇಡ, ರೊಬಸ್ಟಾ ಕಾಯಿ ಕಟ್ಟೋಕೆ ಬೇರೆ ಗಿಡದ ಪರಾಗ ಬೇಕು, ಹಂಗಾಗಿ ಒಂದೇ ಗಿಡದ ಬೀಜ ಹಾಕಿದ್ರೂ ಸಸಿಗಳು ಅಣ್ಣತಮ್ಮಂದಿರ ಥರ ಬೇರೆ ಬೇರೆ. ಕೊಂಬೆ ತುಂಡಾದ್ರೆ ಎಲ್ಲದ್ರಲ್ಲೂ ಒಂದೇ ಜೀನ್. ನೆಟ್ಟಗೆ ಏಳೋ ಕಂಬಚಿಗುರಿಂದ ನಾಲ್ಕು ತುಂಡು, ಅಡ್ಡ ಕೊಂಬೆಯಿಂದ ಎರಡು ತುಂಡು ಕತ್ತರಿಸಿ, ಒಂದೊಂದಕ್ಕೂ ಒಂದು ಗೆಣ್ಣು ಒಂದು ಜೊತೆ ಎಲೆ ಇರ್ಲಿ, ಎಲೆ ಅರ್ಧ ಕತ್ತರಿಸಿ ಚೀಲಕ್ಕೆ ನೆಟ್ಟು ಪ್ಲಾಸ್ಟಿಕ್ ಮುಚ್ಚಿ ನೆರಳಲ್ಲಿಡಿ. ಬೇರು ಬರೋಕೆ ಮೂರು ತಿಂಗಳ ಹತ್ರ ಬೇಕು, ನಡುವೆ ಎಳೆದು ನೋಡ್ಬೇಡಿ, ನಾನು ನೋಡಿ ಎರಡು ಕಳ್ಕೊಂಡೆ.

ಆಮೇಲೆ ಕಂಬಚಿಗುರಿನ ಎರಡನ್ನ ಸಿಲ್ವರ್ ಓಕ್ ನೆರಳಲ್ಲಿ, ಎರಡನ್ನ ಬಿಸಿಲಲ್ಲಿ ನೆಡಿ. ನೆರಳಿನದ್ದು ಎಲೆ ಅಗಲ, ತೆಳು, ಕಡು ಹಸಿರು, ಬಿಸಿಲಿನದ್ದು ದಪ್ಪ. ಅದು ಎಲ್ರಿಗೂ ಗೊತ್ತಿರೋದೇ. ಮಜಾ ಇರೋದು ಅಡ್ಡ ಕೊಂಬೆದ್ರಲ್ಲಿ. ಅದೇ ಜೀನ್, ಅದೇ ತಾಯಿ, ಆದ್ರೆ ಎದ್ದು ನಿಲ್ಲಲ್ಲ, ಪಕ್ಕಕ್ಕೇ ಹರಡ್ಕೊಳ್ಳುತ್ತೆ. ಗಿಡದಲ್ಲಿ ಯಾವ ಜಾಗದಲ್ಲಿದ್ದೆ ಅನ್ನೋದನ್ನ ತುಂಡು ಮರೆತಿಲ್ಲ ನೋಡಿ.

ಈಗ ಮನುಷ್ಯರಿಗೆ ಬನ್ನಿ. ನೆಂಟರಲ್ಲಿ ತದ್ರೂಪಿ ಅವಳಿಗಳಿದ್ರೆ ಇಂಕ್ ಪ್ಯಾಡಲ್ಲಿ ಹೆಬ್ಬೆಟ್ಟು ಒತ್ತಿಸಿ ಭೂತಗನ್ನಡಿ ಹಿಡೀರಿ. ಸುಳಿ ಹೋಲ್ಬೋದು, ಆದ್ರೆ ಗೆರೆ ಎಲ್ಲಿ ಕವಲಾಗುತ್ತೆ, ಎಲ್ಲಿ ನಿಲ್ಲುತ್ತೆ ಅನ್ನೋದು ಬೇರೆ. ಹುಟ್ಟೋಕೆ ಮುಂಚೆನೇ ಆಗಿದ್ದು ಅದು, ಸಾಕಿದವ್ರ ತಪ್ಪೇನಿಲ್ಲ.

ಇನ್ನು ಪರ್ಸೆಂಟ್ ಹುಚ್ಚು. 2015ರಲ್ಲಿ 50 ವರ್ಷದ ಅವಳಿ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿದಾಗ ಜೀನಿನ ಪಾಲು ಸರಾಸರಿ 49% ಅಂತ ಬಂತು. ಅಂದ್ರೆ ನಿಮ್ಮ ಮಗನ ಸಿಟ್ಟಲ್ಲಿ ಅರ್ಧ ಸೇರು ಅಜ್ಜಂದು ಅಂತಲ್ಲ, ಗುಂಪಲ್ಲಿ ಒಬ್ರಿಗೂ ಇನ್ನೊಬ್ರಿಗೂ ಇರೋ ವ್ಯತ್ಯಾಸದ ಲೆಕ್ಕ ಅದು. ತೋಟಕ್ಕೆಲ್ಲ ಒಂದೇ ಗೊಬ್ಬರ ನೀರು ಸಿಕ್ಕಿದ್ರೆ ಉಳಿದ ವ್ಯತ್ಯಾಸ ತಳಿಯದ್ದೇ ಕಾಣುತ್ತೆ, ಅರ್ಧ ತೋಟಕ್ಕೆ ಮಾತ್ರ ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಬಿದ್ರೆ ಅದೇ ಗಿಡಗಳಲ್ಲಿ ಲೆಕ್ಕ ಉಲ್ಟಾ.

ಹಾಗಾಗಿ "ಎಷ್ಟು" ಬಿಟ್ಟು "ಯಾವಾಗ" ಅಂತ ಕೇಳಿ. ಒಂದು ವಾರ ಬರೆದಿಡಿ, ಸಿಟ್ಟು ಬಂದ ಹೊತ್ತು, ನಿದ್ದೆ, ಊಟ. ನಮ್ಮ ಹುಡುಗನ ಪಟ್ಟೀಲಿ ಏಳರಲ್ಲಿ ಐದು ಸಲ ಸ್ಕೂಲ್ ಬಸ್ಸಿಳಿದು ಊಟಕ್ಕೆ ಮುಂಚೆ. ಅತ್ತೆಗೆ ತೋರಿಸಿದೆ, ಕಡುಬು ತಡ ಆದ್ರೆ ಅವನಜ್ಜನೂ ತಟ್ಟೆ ತಳ್ತಿದ್ರಂತೆ.