ಸ್ಲೈಡ್ ಬಿಟ್ಟು ಗಿಣ್ಣು ಹಿಡಿದ ಮೇಲೆ

ನಾನು ಕೀಲುವಾತ ತಜ್ಞ. ಜಿಲ್ಲಾ ಕೇಂದ್ರವೊಂದರಲ್ಲಿ ನಡೆಸಿದ ಮೊದಲ ತರಬೇತಿಗೆ ಇಪ್ಪತ್ತು ವೈದ್ಯರು ಬಂದಿದ್ದರು. ಪಿಎಚ್‌ಸಿಯವರು (ಪ್ರಾಥಮಿಕ ಆರೋಗ್ಯ ಕೇಂದ್ರದವರು), ಹೆರಿಗೆ ತಜ್ಞೆಯರು, ಕಣ್ಣಿನವರು, ಚರ್ಮದವರು, ಸಕ್ಕರೆ ಕಾಯಿಲೆ ನೋಡುವವರು. ಇಡೀ ದಿನ ಸ್ಲೈಡ್ ತೋರಿಸಿದೆ, ಎಲ್ಲರೂ ಬರೆದುಕೊಂಡರು.

ಎರಡು ತಿಂಗಳ ಮೇಲೆ ಅವರಲ್ಲೊಬ್ಬರು ಕಳಿಸಿದ ಹೆಂಗಸು ವರದಿಗಳ ಕಟ್ಟನ್ನೇ ಹಿಡಿದು ಬಂದರು. ಕೀಲುವಾತಕ್ಕೆಂದು ಮಾಡಿಸುವ ಆರ್‌ಎ ಫ್ಯಾಕ್ಟರ್ ಎಂಬ ರಕ್ತಪರೀಕ್ಷೆ ನೆಗೆಟಿವ್. ಹಿಂದಿನ ಗಂಟಲು ಸೋಂಕಿನ ಸುಳಿವು ಕೊಡುವ ಎಎಸ್‌ಒ ಸ್ವಲ್ಪ ಹೆಚ್ಚಿದ್ದಕ್ಕೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚಿಸಿಕೊಳ್ಳುತ್ತಿದ್ದರು.

"ಡಾಕ್ಟ್ರು ಕೈ ಹಿಡಿದು ನೋಡಿದ್ರೇನಮ್ಮ?"

"ಇಲ್ಲ ಸಾರ್, ರಕ್ತ ನೋಡಿದ್ರಲ್ಲ."

ಬೆರಳ ಬುಡದ ಗಿಣ್ಣುಗಳನ್ನು ಅಡ್ಡಲಾಗಿ ಮೆಲ್ಲಗೆ ಅದುಮಿದೆ. ಕೈ ಎಳೆದುಕೊಂಡರು. ಊತ ಮೆತ್ತಗಿತ್ತು. ರುಮಟಾಯ್ಡ್ ಕೀಲುವಾತ (ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆರಗುವ ಕಾಯಿಲೆ) ಇದ್ದೂ ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬರುವವರು ಎಷ್ಟೋ ಜನ ಇದ್ದಾರೆ. ಕೀಲು ಸವೆಯದಂತೆ ತಡೆಯಲು ಮೊದಲ ಮೂರು ತಿಂಗಳು ಚಿನ್ನದಂಥ ಕಾಲ, ಅದು ಕೈತಪ್ಪಿತ್ತು. ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಆ ವೈದ್ಯರಿಗೆ ಪರೀಕ್ಷೆಗಳ ಹೆಸರು ಕಲಿಸಿದವನು ನಾನೇ, ಮುಟ್ಟುವುದನ್ನು ಕಲಿಸಿರಲಿಲ್ಲ.

ಮುಂದಿನ ಸಲ ಪ್ರೊಜೆಕ್ಟರ್ ಒಯ್ಯಲಿಲ್ಲ. ಒಪ್ಪಿದ ರೋಗಿಗಳನ್ನು ಕರೆದು, ಒಬ್ಬೊಬ್ಬರ ಸುತ್ತ ಮೂವರು ವೈದ್ಯರನ್ನು ಕೂರಿಸಿದೆ. ಬ್ರಿಟನ್ನಿನಲ್ಲಿ 1992ರಲ್ಲಿ ಪ್ರಕಟವಾದ 'ಗ್ಯಾಲ್ಸ್' ಎಂಬ ಚುಟುಕು ತಪಾಸಣೆಯಲ್ಲಿ ನಡಿಗೆ, ಕೈ, ಕಾಲು, ಬೆನ್ನು ಎಲ್ಲವನ್ನೂ ಕೆಲವೇ ನಿಮಿಷದಲ್ಲಿ ನೋಡಬಹುದು. ಅದರ ಪ್ರಶ್ನೆಗಳು ಮೂರೇ: ನೋವು ಅಥವಾ ಬಿಗಿತ ಇದೆಯೇ, ಬಟ್ಟೆ ತೊಡಲು ಕಷ್ಟವೇ, ಮೆಟ್ಟಿಲು ಹತ್ತಿ ಇಳಿಯಲು ಕಷ್ಟವೇ. ನಮ್ಮ ಹಳ್ಳಿಗಳಿಗೆಂದು ಇನ್ನೆರಡು ಸೇರಿಸಿಕೊಂಡೆವು: ನೆಲದಿಂದ ಏಳೋಕೆ ಆಗುತ್ತಾ, ಬೆಳಗ್ಗೆ ಹಾಲು ಕರೆಯೋಕೆ ಆಗುತ್ತಾ? "ಬೆಳಗಿನ ಬಿಗಿತ ಎಷ್ಟು ನಿಮಿಷ" ಎಂದರೆ ಸುಮ್ಮನಿರುವವರು, "ಎಂಟು ಗಂಟೆವರೆಗೂ ಮೊಲೆ ಹಿಡಿಯೋಕಾಗಲ್ಲ, ಸೊಸೆನೇ ಕರೀತಾಳೆ" ಎಂದು ಬಿಡಿಸಿ ಹೇಳುತ್ತಾರೆ.

ಪ್ರತಿ ವಿಭಾಗಕ್ಕೂ ಅವರ ಕೋಣೆಗೇ ಬರುವ ರೋಗಿಯಿಂದ ಶುರು ಮಾಡಿದ್ದು ಫಲಿಸಿತು. ಕಣ್ಣು ಕೆಂಪಾಗಿ ಯುವಿಯೈಟಿಸ್ (ಕಣ್ಣಿನೊಳಗಿನ ಉರಿಯೂತ) ಎಂದು ಬಂದ ಹುಡುಗನಿಗೆ ಬೆನ್ನುನೋವು ಇದೆಯೇ ಕೇಳಿ, ಬೆನ್ನಿನ ಕೀಲುವಾತ ಇರಬಹುದು. ಸೋರಿಯಾಸಿಸ್ ಎಂಬ ಚರ್ಮರೋಗ ಇದ್ದರೆ ಉಗುರಿನ ಗುಳಿ ನೋಡಿ, ಬೆರಳು ಹಿಡಿಯಿರಿ. ಸಕ್ಕರೆ ಕಾಯಿಲೆಯವರ ತೋಳು ಎತ್ತಿಸಿ, ಭುಜ ಬಿಗಿದಿರಬಹುದು. ಹೆರಿಗೆ ತಜ್ಞೆಯೊಬ್ಬರು, "ಬಾಣಂತಿಯರ ಮಣಿಕಟ್ಟು ನೋವನ್ನು ವಾಯು ಎಂದು ಮನೆಯವರು ಹೇಳ್ತಾರೆ, ನಾನೂ ಕ್ಯಾಲ್ಸಿಯಂ ಬರೆದು ಕಳಿಸ್ತಿದ್ದೆ" ಎಂದರು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಸಿ ಮಣಿಕಟ್ಟನ್ನು ಕಿರುಬೆರಳ ಕಡೆಗೆ ಬಾಗಿಸುವುದನ್ನು ತೋರಿಸಿದೆ. ಹೆಬ್ಬೆರಳ ಬುಡದಲ್ಲಿ ಚುರ್ ಎಂದರೆ ಅದು ಡಿ ಕ್ವರ್‌ವೇನ್, ಸ್ನಾಯುರಜ್ಜುವಿನ ಹೊದಿಕೆಯ ತೊಂದರೆ. ಹೆಬ್ಬೆರಳು ಅಗಲಿಸಿ ಕಂಕುಳಿಗೆ ಕೈಹಾಕಿ ಮಗುವನ್ನು ಎತ್ತುವ ಬದಲು ಅಂಗೈಯನ್ನು ಕುಂಡಿಯಡಿ ಕೊಟ್ಟು ಎತ್ತಬೇಕು, ಕೆಲವು ವಾರ ಪಟ್ಟಿ ಕಟ್ಟಿಕೊಳ್ಳಬೇಕು. ಬಹಳ ಮಂದಿಗೆ ಅಷ್ಟು ಸಾಕು.

ಎಲ್ಲರಿಗೂ ಮಂಡಿ ಇಂಜೆಕ್ಷನ್ ಮೊದಲೇ ಕಲಿಯುವಾಸೆ. ನಾನು ಕೊನೆಗೆ ಇಟ್ಟೆ. ಬಿಸಿಯಾಗಿ ಊದಿದ ಒಂಟಿ ಕೀಲಿನಲ್ಲಿ ಕೀವು ಇರಬಹುದು. ಕೀಲಿನ ನೀರು ತೆಗೆದು ಪರೀಕ್ಷಿಸದೆ ಸ್ಟೀರಾಯ್ಡ್ ಹಾಕಿದರೆ ಕೀಲೇ ಹೋದೀತು, ಜೀವಕ್ಕೂ ಅಪಾಯ.

ರುಮಟಾಯ್ಡ್ ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಅದು ವಾರಕ್ಕೊಂದೇ ದಿನದ ಮಾತ್ರೆ. ಚೀಟಿ ಅರ್ಥವಾಗದೆ ದಿನವೂ ನುಂಗಿ, ಬಾಯಿತುಂಬ ಹುಣ್ಣಾಗಿ, ಬಿಳಿರಕ್ತಕಣ ಇಳಿದು ಬಂದವರನ್ನು ಕಂಡಿದ್ದೇನೆ. ಅದಕ್ಕೇ "ಭಾನುವಾರ ಮಾತ್ರ" ಎಂದು ಕನ್ನಡದಲ್ಲಿ ಬರೆಸುತ್ತೇನೆ, ರೋಗಿಯ ಬಾಯಲ್ಲಿ ಒಮ್ಮೆ ಹೇಳಿಸುತ್ತೇನೆ.

ಕಳೆದ ತಿಂಗಳು ಪಿಎಚ್‌ಸಿ ವೈದ್ಯರೊಬ್ಬರ ಚೀಟಿ ಬಂತು: "ಎರಡೂ ಕೈ, ಆರು ಗಿಣ್ಣು ಮೆತ್ತನೆ ಊತ, ಏಳು ವಾರ. ಜ್ವರ ಬಂದಿರಲಿಲ್ಲ, ಚಿಕೂನ್‌ಗುನ್ಯಾ ಅಲ್ಲ ಅನಿಸುತ್ತದೆ. ಹಾಲು ಕರೆಯಲು ಆಗುತ್ತಿಲ್ಲ." ಆ ವಾರವೇ ಚಿಕಿತ್ಸೆ ಶುರು ಮಾಡಿದೆವು.