ಮಗಳ ಡ್ಯಾನ್ಸ್ ಡ್ರೆಸ್ ಹೊಲಿಸುವ ಮುಂಚೆ

ಮಗಳಿಗೆ ಭರತನಾಟ್ಯದ ರೇಷ್ಮೆ ಡ್ರೆಸ್ ಹೊಲಿಸುವ ಮುಂಚೆ ಒಂದು ತಿಂಗಳು ನೀವೇ ದೊಡ್ಡವರ ಬ್ಯಾಚಿಗೆ ಸೇರಿ ನೋಡಿ. ಚಿಕ್ಕಂದಿನಲ್ಲಿ ನಮಗೆ ಸಿಗದ ಗೆಜ್ಜೆಯ ಆಸೆ ಅರ್ಧ ಅಲ್ಲೇ ತೀರುತ್ತದೆ. ಅರೆಮಂಡಿಯಲ್ಲಿ, ಅಂದರೆ ಮಂಡಿ ಹೊರಕ್ಕೆ ಬಾಗಿಸಿ ಅರ್ಧ ಕೂತ ಭಂಗಿಯಲ್ಲಿ, ಹತ್ತು ನಿಮಿಷ ತಟ್ಟಡವು (ಪಾದ ತಟ್ಟುವ ಮೊದಲ ಹೆಜ್ಜೆಗಳು) ಹಾಕಿದರೆ ಸಾಕು, ಮಗು ‘ಕಾಲು ನೋವು’ ಅಂದಿದ್ದು ಸುಮ್ನೆ ನೆಪ ಅಲ್ಲ ಅಂತಲೂ ಗೊತ್ತಾಗುತ್ತದೆ. ಕ್ಲಾಸಿನ ಕಾರ್ಯಕ್ರಮಕ್ಕೆ ಡ್ರೆಸ್, ಟೆಂಪಲ್ ಜ್ಯುವೆಲರಿ, ಜಡೆಕುಚ್ಚು ಎಲ್ಲ ಬಾಡಿಗೆಗೆ ತನ್ನಿ. ಬೆಳೆಯುವ ಮಗು, ಹೊಲಿಸಿದ್ದು ಬೇಗ ಬಿಗಿಯಾಗುತ್ತದೆ. ಹೊಲಿಸಲೇಬೇಕು ಅಂದರೆ ಪಕ್ಕದ ಹೊಲಿಗೆಯಲ್ಲಿ ಎರಡಿಂಚು ಹೆಚ್ಚಿಗೆ ಬಟ್ಟೆ ಬಿಡಲು ಹೇಳಿ. ಯಾರೂ ಹೇಳದೆ ಮಗುವೇ ಹಾಲ್‌ನಲ್ಲಿ ಅಡವು ಹಾಕುತ್ತಿದ್ದರೆ ಈ ಉಪಾಯ ಬೇಕಿಲ್ಲ. ನಿಮಗೇ ಕ್ಲಾಸು ಜಾಸ್ತಿ ಹಿಡಿಸಿಬಿಟ್ಟರೂ ಕಷ್ಟ, ಆಮೇಲೆ ಮನೆಯಲ್ಲಿ ಮಗುವಿಗೆ ನಿಮ್ಮ ‘ನಾನು ಮಾಡಲ್ವಾ, ನಿನಗೇನು?’ ಶುರುವಾಗುತ್ತದೆ!