ಪತ್ರ ಯಾವ ಫೈಲಿನಲ್ಲಿದೆ: ಹಲವರು ಬಳಸುವ ಒಂದೇ ಯಂತ್ರದಲ್ಲಿ ಮೇಲ್ ಮತ್ತು ನ್ಯೂಸ್‌ಗ್ರೂಪ್

ಮೇಲ್ ಓದಿ ಬರೆಯುವ ಪೈನ್, ಎಲ್ಮ್, ಮಟ್, ನ್ಯೂಸ್‌ಗ್ರೂಪ್ ಎಂಬ ಸಾರ್ವಜನಿಕ ಚರ್ಚಾಗುಂಪುಗಳನ್ನು ಓದುವ ಟಿನ್ ಮುಂತಾದ ಅಕ್ಷರಪರದೆಯ ಪ್ರೋಗ್ರಾಂಗಳನ್ನು ಕಲಿಸುವವರು ಸಾಮಾನ್ಯವಾಗಿ ಯಾವ ಕೀಲಿ ಒತ್ತಿದರೆ ಏನಾಗುತ್ತದೆ ಎಂಬ ಪಟ್ಟಿಯಿಂದ ಪಾಠ ಆರಂಭಿಸುತ್ತಾರೆ. ಬಾಗಲಕೋಟೆಯ ನವನಗರದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ, ಒಂದೇ ಲಿನಕ್ಸ್ ಯಂತ್ರದ ಮೇಲೆ ವಿದ್ಯಾರ್ಥಿಗಳ ಮತ್ತು ಅಧ್ಯಾಪಕರ ಖಾತೆಗಳನ್ನು ಹಲವು ವರ್ಷ ನೋಡಿಕೊಂಡ ನನಗೆ ಆ ಕ್ರಮ ಸರಿ ಎನಿಸಿಲ್ಲ. ಕೀಲಿಗಳನ್ನು ಪೈನ್ ತನ್ನ ಪರದೆಯ ಕೆಳಗಿನ ಎರಡು ಸಾಲುಗಳಲ್ಲಿ ತಾನೇ ತೋರಿಸುತ್ತದೆ. ತನಗೆ ಬಂದ ಪತ್ರ ಈಗ ಯಾವ ಫೈಲಿನಲ್ಲಿದೆ, ಆ ಫೈಲಿನ ಒಡೆಯ ಯಾರು, ಮುಂದಿನ ಕೀಲಿ ಒತ್ತಿದರೆ ಅದು ಎಲ್ಲಿಗೆ ಸರಿಯುತ್ತದೆ ಎಂಬುದನ್ನು ಮಾತ್ರ ಪರದೆ ಹೇಳುವುದಿಲ್ಲ. ನಾನು ಎದುರಿಸಿದ ತೊಂದರೆಗಳಲ್ಲಿ ಬಹುಪಾಲು ಈ ಅರಿವಿಲ್ಲದೆ ಹುಟ್ಟಿದವು, ಅರಿವು ಬಂದೊಡನೆ ತೀರಿದವು.

2000ರ ಸುಮಾರಿಗೆ ನಮ್ಮ ವ್ಯವಸ್ಥೆ ಹೀಗಿತ್ತು. ಒಂದು ಪೆಂಟಿಯಂ ಯಂತ್ರದ ಮೇಲೆ ಲಿನಕ್ಸ್ ನಡೆಯುತ್ತಿತ್ತು. ಬೇರೆ ಕೆಲಸಕ್ಕೆ ಬಾರದೆ ಉಳಿದಿದ್ದ 386 ಮತ್ತು 486 ಯಂತ್ರಗಳನ್ನು ಅದಕ್ಕೆ ಜೋಡಿಸಿ ಟರ್ಮಿನಲ್‌ಗಳಂತೆ ಬಳಸುತ್ತಿದ್ದೆವು. ಪ್ರೋಗ್ರಾಂ ನಡೆಯುವುದು, ಪತ್ರ ತೆರೆಯುವುದು, ಹುಡುಕುವುದು ಎಲ್ಲವೂ ದೊಡ್ಡ ಯಂತ್ರದಲ್ಲೇ ಆಗುತ್ತಿದ್ದುದರಿಂದ ತಂತಿಯ ಮೇಲೆ ಹರಿಯುತ್ತಿದ್ದುದು ಎಂಬತ್ತು ಅಕ್ಷರ ಅಗಲದ, ಇಪ್ಪತ್ನಾಲ್ಕು ಸಾಲಿನ ಪರದೆ ಮಾತ್ರ. ಆದ್ದರಿಂದ ಹಳೆಯ ಯಂತ್ರದ ಮುಂದೆ ಕುಳಿತವನಿಗೂ ಹೊಸದರ ಮುಂದೆ ಕುಳಿತವನಿಗೂ ವೇಗದಲ್ಲಿ ವ್ಯತ್ಯಾಸ ಕಾಣುತ್ತಿರಲಿಲ್ಲ. ಹೊರಜಗತ್ತಿಗೆ ಇದ್ದದ್ದು ಒಂದು ಟೆಲಿಫೋನ್ ಲೈನು, ಒಂದು ಮೋಡೆಮ್. ಬೆಳಿಗ್ಗೆ ಮತ್ತು ಸಂಜೆ ಸಂಪರ್ಕ ಬೆಳೆಸಿ, ಫೆಚ್‌ಮೇಲ್ ಎಂಬ ಪ್ರೋಗ್ರಾಮಿನಿಂದ ಬಂದ ಪತ್ರಗಳನ್ನು ಇಳಿಸಿಕೊಂಡು, ಸೆಂಡ್‌ಮೇಲ್‌ನ ಸರತಿಯಲ್ಲಿ ಕಾಯುತ್ತಿದ್ದ ಪತ್ರಗಳನ್ನು ಕಳುಹಿಸಿ, ಲೈನು ಬಿಡುತ್ತಿದ್ದೆ. 33.6 ಕಿಲೋಬಿಟ್ ವೇಗದ ಮೋಡೆಮ್‌ನಲ್ಲಿ ಒಂದು ಎಂಬಿಯ ಲಗತ್ತು, ಮೇಲ್‌ನಲ್ಲಿ ಸಾಗಲು ಬರೀ ಅಕ್ಷರಗಳಾದ ಬೇಸ್64 ರೂಪಕ್ಕೆ ತಿರುಗಿ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚೇ ಉಬ್ಬಿ, ಲೈನು ಚೆನ್ನಾಗಿದ್ದಾಗಲೂ ಐದಾರು ನಿಮಿಷ ನುಂಗುತ್ತಿತ್ತು. ಬರೀ ಅಕ್ಷರಗಳ ಪತ್ರವಾದರೆ ಅಷ್ಟೇ ಹೊತ್ತಿನಲ್ಲಿ ಇಡೀ ವಿಭಾಗದ ಟಪಾಲು ಮುಗಿಯುತ್ತಿತ್ತು. ಲಗತ್ತುಗಳ ಗಾತ್ರಕ್ಕೆ ಮಿತಿ ಹಾಕಿದ್ದರ ಕಾರಣ ಇದೇ.

ಮೊದಲು ನಾನು ಕೊಟ್ಟದ್ದು ಎಲ್ಮ್. ಡೇವ್ ಟೇಲರ್ ಬರೆದ ಆ ಪ್ರೋಗ್ರಾಂ 1986ರಷ್ಟು ಹಳೆಯದು, ಹಗುರವಾದದ್ದು. ಆದರೆ ಪತ್ರ ಬರೆಯಲು ಅದು ವಿಐ ಸಂಪಾದಕವನ್ನು ತೆರೆಯುತ್ತಿತ್ತು, ಹೊಸಬರು ಅದರಿಂದ ಹೊರಬರಲಾಗದೆ ಕೈಕಟ್ಟಿ ಕೂರುತ್ತಿದ್ದರು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ತಯಾರಾದ ಪೈನ್ ತನ್ನದೇ ಆದ ಪೀಕೋ ಎಂಬ ಸರಳ ಸಂಪಾದಕವನ್ನು ಜೊತೆಗೆ ತಂದಿತು. ಕಂಟ್ರೋಲ್ ಹಿಡಿದು ಎಕ್ಸ್ ಒತ್ತಿದರೆ ಪತ್ರ ಹೋಗುತ್ತದೆ, ಓ ಒತ್ತಿದರೆ ಅರ್ಧ ಬರೆದದ್ದು ಉಳಿಯುತ್ತದೆ, ಸಿ ಒತ್ತಿದರೆ ರದ್ದಾಗುತ್ತದೆ. ಹೀಗಾಗಿ ಒಂದೇ ಖಾತೆಯಲ್ಲಿ ಕೆಲವರು ಎರಡನ್ನೂ ಬಳಸತೊಡಗಿದರು. ಆಗ ಹುಟ್ಟಿದ ದೂರು ಇದು: ‘ಸರ್, ನಿನ್ನೆ ಓದಿದ ಪತ್ರ ಇವತ್ತ ಕಾಣವಲ್ದು ನೋಡ್ರಿ.’

ಪತ್ರ ಎಲ್ಲಿಯೂ ಹೋಗಿರಲಿಲ್ಲ. ಎಲ್ಮ್ ಮುಚ್ಚುವಾಗ, ಓದಿದ ಪತ್ರಗಳನ್ನು ‘ರಿಸೀವ್ಡ್’ ಎಂಬ ಫೋಲ್ಡರಿಗೆ ಸರಿಸಲೇ ಎಂದು ಕೇಳುತ್ತದೆ. ಹೌದೆಂದರೆ ಪತ್ರ ಎಲ್ಲರ ಅಂಚೆಪೆಟ್ಟಿಗೆಗಳಿರುವ ಸ್ಪೂಲ್ ಡೈರೆಕ್ಟರಿಯಿಂದ ಹೊರಟು ಬಳಕೆದಾರನ ಸ್ವಂತ ಡೈರೆಕ್ಟರಿಯೊಳಗೆ, ‘ಮೇಲ್’ ಎಂಬ ಉಪಡೈರೆಕ್ಟರಿ ಸೇರುತ್ತದೆ. ಪೈನ್ ಕೂಡ ‘ಮೇಲ್’ ಎಂಬ ಹೆಸರಿನಲ್ಲೇ ಫೋಲ್ಡರುಗಳನ್ನು ಇಡುತ್ತದೆ. ವ್ಯತ್ಯಾಸ ಇಷ್ಟೇ: ಎಲ್ಮ್‌ನ ಹೆಸರಿನ ಮೊದಲ ಅಕ್ಷರ ದೊಡ್ಡದು, ಪೈನ್‌ನದು ಚಿಕ್ಕದು. ಯುನಿಕ್ಸ್ ಕುಟುಂಬದ ವ್ಯವಸ್ಥೆಗಳಿಗೆ ಇವೆರಡು ಬೇರೆಬೇರೆ ಜಾಗಗಳು. ಆದ್ದರಿಂದ ಎಲ್ಮ್ ಸರಿಸಿಟ್ಟ ಪತ್ರವನ್ನು ಪೈನ್ ನೋಡುತ್ತಲೇ ಇರಲಿಲ್ಲ. ಹೊಸ ಖಾತೆ ತೆರೆದಾಗ ನಕಲಾಗುವ ಮಾದರಿ ಡೈರೆಕ್ಟರಿಯಲ್ಲಿ, ಎರಡೂ ಹೆಸರುಗಳು ಒಂದೇ ಜಾಗಕ್ಕೆ ತಲುಪುವಂತೆ ಒಂದು ಸಿಂಬಾಲಿಕ್ ಲಿಂಕ್ ಇಟ್ಟೆ. ಮಟ್ ಕೂಡ ದೊಡ್ಡ ಅಕ್ಷರದ ಹೆಸರನ್ನೇ ಬಳಸುವುದರಿಂದ, ಮುಂದೆ ಅದನ್ನು ಸೇರಿಸಿದಾಗ ಮತ್ತೇನೂ ಮಾಡಬೇಕಾಗಲಿಲ್ಲ. ಹಳೆಯ ಖಾತೆಗಳಲ್ಲಿ ಎರಡೂ ಡೈರೆಕ್ಟರಿಗಳು ತುಂಬಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಕಣ್ಣೆದುರೇ ಫೈಲುಗಳನ್ನು ಒಂದುಗೂಡಿಸಿದೆ. ಬೇರೆಯವರ ಪತ್ರಗಳಿರುವ ಫೈಲನ್ನು ಅವರಿಲ್ಲದಾಗ ಮುಟ್ಟಬಾರದು ಎಂಬುದು ನಾನು ಮೊದಲಿನಿಂದ ಹಾಕಿಕೊಂಡ ನಿಯಮ. ನಿರ್ವಾಹಕನ ಪಾಸ್‌ವರ್ಡ್ ಇದ್ದವನಿಗೆ ಯಾವ ಅಂಚೆಪೆಟ್ಟಿಗೆಯೂ ಮುಚ್ಚಿರುವುದಿಲ್ಲ. ಆ ಅಧಿಕಾರವಿದೆ ಎಂಬ ಕಾರಣಕ್ಕೇ ಅದನ್ನು ಬಳಸದಿರುವ ಹೊಣೆಯೂ ಇದೆ.

ಅಂಚೆಪೆಟ್ಟಿಗೆ ಎಂಬುದು ಎಂಬಾಕ್ಸ್ ಎಂಬ ರೂಪದ ಒಂದೇ ಫೈಲು. ಪತ್ರಗಳು ಒಂದರ ಕೆಳಗೊಂದು ಬರೀ ಪಠ್ಯವಾಗಿ ಸೇರುತ್ತ ಹೋಗುತ್ತವೆ. ಓದುವ ಪ್ರೋಗ್ರಾಂ ಅದನ್ನು ಹೊಸದಾಗಿ ಬರೆಯುತ್ತಿರುವ ಕ್ಷಣದಲ್ಲೇ ಹೊಸ ಪತ್ರ ಬಂದು ಸೇರಿದರೆ ಫೈಲು ಕೆಡುತ್ತದೆ. ಅದಕ್ಕಾಗಿ, ಪೆಟ್ಟಿಗೆ ಈಗ ಬಳಕೆಯಲ್ಲಿದೆ ಎಂದು ಸಾರುವ ಬೀಗದ ಫೈಲು ಬೇಕು, ಅದನ್ನು ಸ್ಪೂಲ್ ಡೈರೆಕ್ಟರಿಯಲ್ಲಿ ಸೃಷ್ಟಿಸುವ ಅನುಮತಿ ಬೇಕು. ಅದು ಸಿಗದಿದ್ದರೆ, ಡೈರೆಕ್ಟರಿಗೆ 1777 ಅನುಮತಿ ಇರಬೇಕೆಂದು ಪೈನ್ ಎಚ್ಚರಿಸುತ್ತದೆ. ಆ ಸಂಖ್ಯೆಯ ಅರ್ಥ, ಯಾರು ಬೇಕಾದರೂ ಅಲ್ಲಿ ಫೈಲು ಸೃಷ್ಟಿಸಬಹುದು, ಆದರೆ ಮತ್ತೊಬ್ಬರ ಫೈಲನ್ನು ಅಳಿಸಲಾಗದು ಎಂದು. ಎಚ್ಚರಿಕೆ ಬಂತೆಂದು ಕೂಡಲೇ ಅನುಮತಿ ಬದಲಿಸಿಬಿಡುವುದು ಸರಿಯಲ್ಲ. ಹಾಗೆ ಮಾಡಿದಾಗ, ಇನ್ನೂ ಒಂದೂ ಪತ್ರ ಬಾರದ ಬಳಕೆದಾರನ ಹೆಸರಿನಲ್ಲಿ ಬೇರೊಬ್ಬ ಮೊದಲೇ ಒಂದು ಫೈಲು ಸೃಷ್ಟಿಸಿಟ್ಟುಕೊಳ್ಳಬಹುದು. ಆದ್ದರಿಂದ ಖಾತೆ ತೆರೆಯುವ ಸ್ಕ್ರಿಪ್ಟಿನಲ್ಲೇ, ಆ ಬಳಕೆದಾರನ ಒಡೆತನದ, ಅವನು ಮಾತ್ರ ಓದಿ ಬರೆಯಬಲ್ಲ 600 ಅನುಮತಿಯ ಖಾಲಿ ಅಂಚೆಪೆಟ್ಟಿಗೆಯನ್ನು ಸಿದ್ಧಪಡಿಸಿ, ಅನಂತರವಷ್ಟೇ 1777 ಕೊಟ್ಟೆ. ಒಂದು ಟರ್ಮಿನಲ್‌ನಲ್ಲಿ ಪೈನ್ ತೆರೆದಿಟ್ಟು ಇನ್ನೊಂದರಲ್ಲಿ ಮತ್ತೆ ತೆರೆದರೆ, ಹೊಸದು ಪೆಟ್ಟಿಗೆಯನ್ನು ವಶಕ್ಕೆ ತೆಗೆದುಕೊಂಡು ಹಳೆಯದು ‘ಓದಲು ಮಾತ್ರ’ ಸ್ಥಿತಿಗೆ ಇಳಿಯುತ್ತದೆ. ಇದು ದೋಷವಲ್ಲ, ಫೈಲನ್ನು ಕಾಯುವ ಕ್ರಮ ಎಂದು ವಿವರಿಸಿದ ಮೇಲೆ ವಿದ್ಯಾರ್ಥಿಗಳು ಗಾಬರಿಯಾಗುವುದನ್ನು ಬಿಟ್ಟರು.

ನ್ಯೂಸ್‌ಗ್ರೂಪ್‌ಗಳ ಸಂಗತಿ ಇದಕ್ಕೆ ತದ್ವಿರುದ್ಧ. ಯೂಸ್‌ನೆಟ್ ಎಂಬ ಈ ಏರ್ಪಾಟನ್ನು 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲಿಸ್ ರೂಪಿಸಿದರು. ಮೇಲ್‌ನಲ್ಲಿ ಪ್ರತಿಯೊಬ್ಬನಿಗೂ ಬೇರೆ ಪ್ರತಿ ಬರುತ್ತದೆ. ನ್ಯೂಸ್‌ಗ್ರೂಪಿನ ಲೇಖನವಾದರೋ ಊರ ವಾಚನಾಲಯದ ಮೇಜಿನ ಮೇಲಿನ ಪತ್ರಿಕೆಯಂತೆ ಯಂತ್ರದಲ್ಲಿ ಒಂದೇ ಪ್ರತಿಯಾಗಿರುತ್ತದೆ, ಓದುವವರು ಎಷ್ಟು ಜನರಾದರೂ ಬರಲಿ. ಡಿಸ್ಕ್ ಚಿಕ್ಕದಾಗಿ, ಲೈನು ನಿಧಾನವಾಗಿದ್ದ ನಮ್ಮಂಥ ಲ್ಯಾಬಿಗೆ ಇದಕ್ಕಿಂತ ಹೊಂದುವ ಕ್ರಮವನ್ನು ನಾನು ಕಂಡಿಲ್ಲ. ಸಿ ಭಾಷೆಯ ಒಂದು ಚರ್ಚೆಯನ್ನು ಇಡೀ ತರಗತಿ ಓದುವುದಿದ್ದರೆ ಅದು ಮೋಡೆಮಿನ ಮೂಲಕ ಒಂದೇ ಸಲ ಬಂದರೆ ಸಾಕು.

ಪೂರ್ಣ ಪ್ರಮಾಣದ ನ್ಯೂಸ್ ಸರ್ವರ್ ನಮಗೆ ಭಾರವಾಗುತ್ತಿತ್ತು. ಲೀಫ್‌ನೋಡ್ ಎಂಬ ಚಿಕ್ಕ ಸರ್ವರನ್ನು ಆರಿಸಿಕೊಂಡೆ. ಯಾರಾದರೂ ಒಂದು ಗುಂಪನ್ನು ಮೊದಲ ಬಾರಿಗೆ ತೆರೆದಾಗ ಅದು ಒಂದೇ ಒಂದು ತಾತ್ಕಾಲಿಕ ಲೇಖನವನ್ನು ತೋರಿಸಿ, ಆ ಗುಂಪಿನಲ್ಲಿ ಆಸಕ್ತಿಯಿದೆ ಎಂದು ಗುರುತು ಹಾಕಿಕೊಳ್ಳುತ್ತದೆ. ಮುಂದಿನ ಸಂಪರ್ಕದಲ್ಲಿ ನಿಜವಾದ ಲೇಖನಗಳನ್ನು ತರುತ್ತದೆ. ಒಂದು ವಾರ ಯಾರೂ ಆ ಗುಂಪನ್ನು ಓದದಿದ್ದರೆ ತರುವುದನ್ನು ನಿಲ್ಲಿಸುತ್ತದೆ. ಹೀಗೆ ನಮ್ಮ ಲ್ಯಾಬಿನ ಓದಿನ ರುಚಿಯೇ ಟೆಲಿಫೋನ್ ಬಿಲ್ಲನ್ನು ನಿರ್ಧರಿಸುತ್ತಿತ್ತು. ಇದನ್ನು ತಿಳಿಯದ ಹೊಸಬರು ಆ ಒಂದು ಲೇಖನವನ್ನು ಕಂಡು ಗುಂಪು ಖಾಲಿಯಿದೆ ಎಂದು ಬಿಟ್ಟುಹೋಗುತ್ತಿದ್ದರಿಂದ, ‘ನಾಳೆ ಮತ್ತೆ ನೋಡಿ’ ಎಂದು ಲಾಗಿನ್ ಸಂದೇಶದಲ್ಲೇ ಬರೆದಿಟ್ಟೆ.

ಓದಲು ಟಿನ್ ಕೊಟ್ಟೆ. ಇಯಾನ್ ಲೀ 1991ರಲ್ಲಿ ಹೊರತಂದ ಈ ಪ್ರೋಗ್ರಾಂ ಒಂದು ಪ್ರಶ್ನೆಯನ್ನೂ ಅದರ ಉತ್ತರಗಳನ್ನೂ ಒಂದೇ ಎಳೆಯಾಗಿ ಜೋಡಿಸಿ ತೋರಿಸುತ್ತದೆ. ಯಾರು ಏನನ್ನು ಓದಿದ್ದಾರೆ ಎಂಬ ಲೆಕ್ಕ ಸರ್ವರಿನಲ್ಲಿ ಇರುವುದಿಲ್ಲ. ಪ್ರತಿ ಬಳಕೆದಾರನ ಡೈರೆಕ್ಟರಿಯ ನ್ಯೂಸ್‌ಆರ್‌ಸಿ ಎಂಬ ಅಡಗು ಫೈಲಿನಲ್ಲಿ ಇರುತ್ತದೆ. ಅದರ ಒಂದೊಂದು ಸಾಲು ಹೀಗಿರುತ್ತದೆ: ‘ಕಾಂಪ್.ಲ್ಯಾಂಗ್.ಸಿ: 1-4210,4215’. ಹೆಸರಿನ ಮುಂದೆ ಎರಡು ಚುಕ್ಕೆಗಳಿದ್ದರೆ ಚಂದಾದಾರ, ಆಶ್ಚರ್ಯಸೂಚಕ ಚಿಹ್ನೆಯಿದ್ದರೆ ಅಲ್ಲ. ಅಂಕಿಗಳು ಓದಿ ಮುಗಿಸಿದ ಲೇಖನಗಳು. ಲೇಖನಗಳ ಈ ಕ್ರಮಾಂಕ ಆಯಾ ಸರ್ವರಿಗೆ ಸೀಮಿತ. ಜಗತ್ತಿಗೆಲ್ಲ ಒಂದೇ ಆಗಿರುವುದು ಪ್ರತಿ ಲೇಖನದ ಮೆಸೇಜ್ ಐಡಿ ಮಾತ್ರ. ಹಾಗಾಗಿ ನಮ್ಮ ಸರ್ವರನ್ನು ಹೊಸ ಡಿಸ್ಕಿಗೆ ಬದಲಿಸಿ ಲೇಖನಗಳನ್ನಿಡುವ ನ್ಯೂಸ್ ಸ್ಪೂಲನ್ನು ಹೊಸದಾಗಿ ಕಟ್ಟುವ ಮೊದಲು, ಎಲ್ಲರಿಗೂ ತಿಳಿಸಿ ಒಪ್ಪಿಗೆ ಪಡೆದು, ನ್ಯೂಸ್‌ಆರ್‌ಸಿಯಲ್ಲಿ ಗುಂಪಿನ ಹೆಸರುಗಳನ್ನು ಉಳಿಸಿ ಅಂಕಿಗಳನ್ನಷ್ಟೇ ತೆಗೆಯುವ ಒಂದು ಚಿಕ್ಕ ಸ್ಕ್ರಿಪ್ಟ್ ಓಡಿಸಿದೆ. ಹಾಗೆ ಮಾಡದಿದ್ದರೆ, ಹೊಸ ಕ್ರಮಾಂಕಗಳು ಒಂದರಿಂದ ಶುರುವಾಗುವುದರಿಂದ, ಬಂದ ಹೊಸ ಲೇಖನಗಳೆಲ್ಲ ಓದಿಯಾಗಿವೆ ಎಂದೇ ಟಿನ್ ತಿಳಿಯುತ್ತಿತ್ತು.

ಇಲ್ಲಿ ಕೀಲಿಗಳ ವಿಷಯದಲ್ಲಿ ಒಂದೇ ಒಂದನ್ನು ಒತ್ತಿ ಹೇಳುತ್ತಿದ್ದೆ. ಟಿನ್‌ನಲ್ಲಿ ಎಫ್ ಒತ್ತಿದರೆ ನಿಮ್ಮ ಉತ್ತರ ಗುಂಪಿಗೆ, ಅಂದರೆ ಜಗತ್ತಿಗೆ ಹೋಗುತ್ತದೆ. ಆರ್ ಒತ್ತಿದರೆ ಬರೆದವರೊಬ್ಬರಿಗೆ ಮೇಲ್ ಆಗಿ ಹೋಗುತ್ತದೆ. ಮೇಲ್ ಬಳಸಿ ರೂಢಿಯಾದವರಿಗೆ ‘ಉತ್ತರಿಸು’ ಎಂದರೆ ಖಾಸಗಿ ಎಂಬ ಭಾವ ಇರುತ್ತದೆ. ಆದ್ದರಿಂದ ಹೊರಗಿನ ಗುಂಪುಗಳಿಗೆ ಬರೆಯುವ ಮುನ್ನ ನಮ್ಮ ಯಂತ್ರದೊಳಗೇ ಇದ್ದ ಒಂದು ಅಭ್ಯಾಸದ ಗುಂಪಿನಲ್ಲಿ ಬರೆಯಿಸುತ್ತಿದ್ದೆ. ಉತ್ತರಿಸುವಾಗ ಹಿಂದಿನವರ ಇಡೀ ಲೇಖನವನ್ನು ಹೊತ್ತು ತರದೆ ಬೇಕಾದ ಎರಡು ಮೂರು ಸಾಲುಗಳನ್ನು ಉಳಿಸಿ ಅದರ ಕೆಳಗೆ ಬರೆಯುವುದು, ಸಾಲನ್ನು 72 ಅಕ್ಷರಗಳೊಳಗೆ ಮುರಿಯುವುದು, ಸಹಿಯನ್ನು ನಾಲ್ಕು ಸಾಲಿಗೆ ಮೀರಿಸದಿರುವುದು ಇವೆಲ್ಲ ಅಲ್ಲಿಯೇ ರೂಢಿಯಾಗುತ್ತಿದ್ದವು. 72 ಏಕೆಂದರೆ, ಉಲ್ಲೇಖದ ಗುರುತು ಪ್ರತಿ ಸುತ್ತಿನಲ್ಲೂ ಸಾಲಿನ ಮುಂದೆ ಸೇರಿದರೂ ಎಂಬತ್ತರ ಪರದೆಯಲ್ಲಿ ಸಾಲು ಒಡೆಯಬಾರದು. ಹೀಗೆ ಅಚ್ಚುಕಟ್ಟಾಗಿ ಬರೆದ ಪ್ರಶ್ನೆಗೆ, ನಮ್ಮನ್ನು ಎಂದೂ ಕಾಣದ ದೂರದೇಶದ ಪರಿಣತರು ಸಾವಧಾನವಾಗಿ ಉತ್ತರಿಸಿದ್ದನ್ನು ನಮ್ಮ ಹುಡುಗರು ಓದುವಾಗ ನನಗಾಗುತ್ತಿದ್ದ ಸಂತೋಷ ದೊಡ್ಡದು.

ಕರ್ನಾಟಕದ ಹೆಸರಿನದೇ ಒಂದು ಗುಂಪು ಯೂಸ್‌ನೆಟ್‌ನಲ್ಲಿ ಇತ್ತು. ಆದರೆ ಆಗ ಅಲ್ಲಿ ಕನ್ನಡವೆಂದರೆ ರೋಮನ್ ಅಕ್ಷರಗಳಲ್ಲಿ ಬರೆದ ಕನ್ನಡ. ಕನ್ನಡ ಲಿಪಿ ಟರ್ಮಿನಲ್ಲಿಗೆ ಬಂದದ್ದು ಯೂನಿಕೋಡ್ ನೆಲೆಗೊಂಡ ಮೇಲೆ. ಪೈನ್‌ನ ಉತ್ತರಾಧಿಕಾರಿಯಾಗಿ 2007ರಲ್ಲಿ ಬಂದ ಆಲ್ಪೈನ್ ಯೂನಿಕೋಡನ್ನು ಬಲ್ಲದು. ಆದರೂ ಒತ್ತಕ್ಷರಗಳನ್ನು ಕೂಡಿಸಿ ತೋರಿಸುವುದು ಮೇಲ್ ಪ್ರೋಗ್ರಾಮಿನ ಕೆಲಸವಲ್ಲ, ಟರ್ಮಿನಲ್ಲಿನ ಕೆಲಸ. ಎಂಎಲ್‌ಟರ್ಮ್ ಎಂಬ ಟರ್ಮಿನಲ್ ಪ್ರೋಗ್ರಾಂ ಈ ವಿಷಯದಲ್ಲಿ ನನಗೆ ಮೇಲೆನಿಸಿತು. ವಿಷಯದ ಸಾಲಿನಲ್ಲಿ ಕನ್ನಡ ಬರೆಯುವವರು ಅದು ರೋಮನ್ ಅಕ್ಷರ, ಅಂಕಿ, ಚಿಹ್ನೆಗಳಾಗಿ ತಿರುಗಿ ಹೇಗೆ ಸಾಗುತ್ತದೆಂದು ತಿಳಿದಿರುವುದು ಒಳ್ಳೆಯದು. ‘ಬಾಗಲಕೋಟೆ’ ಎಂಬ ಪದದಲ್ಲಿ ಸ್ವರಚಿಹ್ನೆಗಳೂ ಸೇರಿ ಎಂಟು ಸಂಕೇತಗಳಿವೆ. ಯೂನಿಕೋಡ್ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಒಂದಕ್ಕೆ ಮೂರರಂತೆ 24 ಬೈಟುಗಳು. ಬೇಸ್64 ರೂಪದಲ್ಲಿ ಅದು 32 ಅಕ್ಷರಗಳಾಗುತ್ತದೆ. ಪ್ರತಿ ಬೈಟನ್ನೂ ಮೂರು ಅಕ್ಷರಗಳಲ್ಲಿ ಬರೆಯುವ ಇನ್ನೊಂದು ಕ್ರಮದಲ್ಲಿ 72 ಆಗುತ್ತದೆ. ಹೀಗೆ ತಿರುಗಿಸಿದ ಒಂದು ತುಣುಕಿಗೆ, ಅದು ಯಾವ ರೂಪದ್ದೆಂದು ಹೇಳುವ ಹೊದಿಕೆಯೂ ಸೇರಿ, ಇರುವ ಮಿತಿಯೇ 75 ಅಕ್ಷರ. ಈ ಎರಡನೆಯ ಕ್ರಮದಲ್ಲಿ ಹೊದಿಕೆ ಸೇರಿದಾಗ ಈ ಒಂದು ಊರಿನ ಹೆಸರೇ ಮಿತಿಯನ್ನು ಮೀರಿ ಎರಡು ತುಣುಕಾಗುತ್ತದೆ. ಅದಕ್ಕೇ ನಾನು ಬೇಸ್64 ಕ್ರಮವನ್ನೇ ಶಿಫಾರಸು ಮಾಡುತ್ತೇನೆ.

ಟರ್ಮಿನಲ್‌ಗಳಿಂದ ದೊಡ್ಡ ಯಂತ್ರಕ್ಕೆ ಲಾಗಿನ್ ಆಗಲು ಬಳಸುತ್ತಿದ್ದ ಟೆಲ್ನೆಟ್ ಪಾಸ್‌ವರ್ಡನ್ನು ಮರೆಯಿಲ್ಲದೆ ಸಾಗಿಸುತ್ತದೆ. ತಂತಿಗಳೆಲ್ಲ ಕೂಡುವ ಒಂದೇ ಹಬ್ ಪೆಟ್ಟಿಗೆಗೆ ಜೋಡಿಸಿದ ಯಾವ ಯಂತ್ರದಿಂದಲೂ ಅದನ್ನು ಕದ್ದು ಕೇಳಬಹುದಿತ್ತು. ಅದೇ ಕೆಲಸವನ್ನು ಗುಪ್ತಲಿಪಿಯಲ್ಲಿ ಮಾಡುವ ಓಪನ್‌ಎಸ್‌ಎಸ್‌ಎಚ್ ದೊರೆತ ಮೇಲೆ ಟೆಲ್ನೆಟ್ ಬಾಗಿಲನ್ನು ಮುಚ್ಚಿದೆ.

ಕೋರ್ಸು ಮುಗಿಸಿ ಹೋಗುವವರ ಖಾತೆ ಮುಚ್ಚುವಾಗಲೂ ನಾನು ನೋಡುತ್ತಿದ್ದುದು ಪತ್ರ ಎಲ್ಲಿದೆ, ಯಾರದು ಎಂಬ ಎರಡನ್ನೇ. ಅವರ ಮೇಲ್ ಡೈರೆಕ್ಟರಿ, ವಿಳಾಸ ಪುಸ್ತಕ, ನ್ಯೂಸ್‌ಆರ್‌ಸಿ ಇಷ್ಟನ್ನೂ ಒಂದು ಕಟ್ಟಾಗಿ ಮಾಡಿ ಸಿಡಿಯಲ್ಲಿ ಕೊಡುತ್ತಿದ್ದೆ; ಬರೀ ಪಠ್ಯವಾದ್ದರಿಂದ ಯಾವ ಯಂತ್ರದಲ್ಲಾದರೂ ತೆರೆಯುತ್ತದೆ. ಮುಂದೆ ಬರುವ ಪತ್ರಗಳು ಅವರ ಹೊಸ ವಿಳಾಸಕ್ಕೆ ಹೋಗುವಂತೆ ಒಂದು ಸೆಮಿಸ್ಟರ್ ಕಾಲ ಫಾರ್ವರ್ಡ್ ಫೈಲು ಇರುತ್ತಿತ್ತು. ಖಾತೆ ಅಳಿಸಿದ ಮೇಲೆ ಅದರ ಬಳಕೆದಾರ ಸಂಖ್ಯೆಯನ್ನು ಹೊಸಬರಿಗೆ ಕೊಡುತ್ತಿರಲಿಲ್ಲ. ಫೈಲಿನ ಮೇಲೆ ಯಂತ್ರ ಬರೆದಿಡುವುದು ಒಡೆಯನ ಹೆಸರನ್ನಲ್ಲ, ಆ ಸಂಖ್ಯೆಯನ್ನು; ಎಲ್ಲಾದರೂ ಉಳಿದುಹೋದ ಹಳೆಯ ಫೈಲು, ಅದೇ ಸಂಖ್ಯೆ ಪಡೆದ ಹೊಸ ವಿದ್ಯಾರ್ಥಿಯದಾಗಿಬಿಡುತ್ತದೆ. ಲಾಗಿನ್ ಹೆಸರನ್ನೂ ಮತ್ತೊಬ್ಬರಿಗೆ ಕೊಡುತ್ತಿರಲಿಲ್ಲ, ಏಕೆಂದರೆ ಹಳಬರಿಗೆ ಬರೆಯುವವರು ವರ್ಷಗಳ ನಂತರವೂ ಅದೇ ವಿಳಾಸಕ್ಕೆ ಬರೆಯುತ್ತಿದ್ದರು.